ಬಿಷಪರ ಬೆಳ್ಳಿಕಾಸೂ ಸಭೆಯ ಕಾಣಿಕೆ ಪೆಟ್ಟಿಗೆಯೂ



ಹಳಿಯಾಳದ ಸಂತೆಯಲ್ಲಾಗಲಿ ಮುಂಡಗೋಡದ ಸಂತೆಯಲ್ಲಾಗಲಿ ನಾವು ಒಂದು ನಾಣ್ಯವನ್ನು ಕೈಗೆ ತಕ್ಕೊಳ್ಳುವಾಗ ಅದನ್ನು ತೂಗಿ ನೋಡುವದಿಲ್ಲ. ಅದರ ಮೇಲಿನ ಮುದ್ರೆಯನ್ನು ಒಂದು ಸಾರಿ ನೋಡಿ, ನಂಬಿ, ಚೀಲಕ್ಕೆ ಹಾಕುತ್ತೇವೆ. ಆ ನಾಣ್ಯವನ್ನು ಕೊಟ್ಟವನು ನಮಗೆ ಗುರುತಿಲ್ಲದವನಾಗಿರಬಹುದು. ನಾಳೆ ಅದನ್ನು ನಮ್ಮಿಂದ ತಕ್ಕೊಳ್ಳುವವನು ನಮ್ಮ ಭಾಷೆಯನ್ನೇ ಅರಿಯದವನಾಗಿರಬಹುದು. ಆದರೂ ವ್ಯಾಪಾರವು ನಡೆಯುತ್ತದೆ. ಯಾಕಂದರೆ ನಾಣ್ಯವೆಂಬದು ಒಂದು ಮಾತು. ಮುದ್ರೆಯೊತ್ತಿದವನು ತಾನು ಎಂದೂ ಕಾಣದ ಜನರಿಗೆ, ಇದು ಇಷ್ಟು ಬೆಲೆಯುಳ್ಳದ್ದು ಎಂದು ಕೊಟ್ಟ ವಾಗ್ದಾನವೇ ಅದು.

ಹಾಗಾದರೆ ಆ ಮಾತನ್ನು ಕೊಡುವವನು ದೇವರ ಸಭೆಯ ಅಧ್ಯಕ್ಷನೇ ಆಗಿದ್ದರೆ ಹೇಗೆ? ಮತ್ತು ಅವನು ಆ ಅಧಿಕಾರದಿಂದ ಎಲ್ಲರ ಕೈಯಿಂದ ಸ್ವಲ್ಪಸ್ವಲ್ಪವಾಗಿ, ಯಾರಿಗೂ ದೊಡ್ಡ ನಷ್ಟವು ಕಾಣದ ಹಾಗೆ, ಒಳ್ಳೇ ಕೆಲಸಗಳಿಗೋಸ್ಕರವಾಗಿಯೇ ಬೆಳ್ಳಿಯನ್ನು ತಕ್ಕೊಂಡರೆ ಅದು ಪಾಪವೋ, ಅಲ್ಲವೋ? ಈ ಪ್ರಶ್ನೆಯು ದೂರದೇಶದ ಹಳೇ ಚರಿತ್ರೆಗೆ ಸೇರಿದ್ದೆಂದು ತೋರಬಹುದು. ಆದರೆ ಇದು ನಮ್ಮ ಹಳ್ಳಿಯ ಸಭೆಯ ಕಾಣಿಕೆ ಪೆಟ್ಟಿಗೆಗೂ, ಅದರ ಬೀಗದ ಕೈಯನ್ನು ಹಿಡಿದಿರುವವರಿಗೂ ಸಂಬಂಧಪಟ್ಟದ್ದೆಂದು ಮುಂದೆ ಕಾಣುವದು. ಆದದರಿಂದ ವಾಚಕರು ತಾಳ್ಮೆಯಿಂದ ನಮ್ಮ ಸಂಗಡ ಸ್ವಲ್ಪ ದೂರ ನಡೆದು ಬರಬೇಕೆಂದು ಬೇಡುತ್ತೇವೆ.

ಮೊದಲು ನಮ್ಮ ಸೀಮೆಯನ್ನೇ ನೋಡೋಣ. ಹಳಿಯಾಳಕ್ಕೆ ದೂರವಲ್ಲದ ಖಾನಾಪುರ ತಾಲೂಕಿನ ಹಲಸಿಯು ಒಂದು ಕಾಲದಲ್ಲಿ ಅರಸರ ರಾಜಧಾನಿಯಾಗಿತ್ತು. ಗೋವೆಯ ಕದಂಬರು ಅಲ್ಲಿಂದಲೂ ಆಳಿದರು. ಅವರು ಹೊರಡಿಸಿದ ಚಿನ್ನದ ನಾಣ್ಯಗಳ ಒಂದು ಮಗ್ಗುಲಲ್ಲಿ ಸಿಂಹವೂ ಇನ್ನೊಂದು ಮಗ್ಗುಲಲ್ಲಿ ಅವರ ಕುಲದೇವರಾದ ಸಪ್ತಕೋಟೀಶ್ವರನ ಹೆಸರೂ ಇದ್ದವು. ತನ್ನ ನಾಣ್ಯಕ್ಕೆ ದೇವರನ್ನೇ ಸಾಕ್ಷಿಯಾಗಿ ಕರೆದರೆ ಜನರು ಹೆಚ್ಚಾಗಿ ನಂಬುವರೆಂದು ಅರಸನು ಬಲ್ಲನು. ಬಹುಕಾಲದ ಮೇಲೆ, 1763ರಲ್ಲಿ, ಹೈದರಾಲಿಯು ಬಿದನೂರನ್ನೂ ನಮ್ಮ ಸೀಮೆಯನ್ನಾಳುತ್ತಿದ್ದ ಸೋದೆಯ ಸಂಸ್ಥಾನವನ್ನೂ ಗೆದ್ದನು. ಅವನು ಮುಸಲ್ಮಾನನಾಗಿದ್ದರೂ ತನ್ನ ಹೊನ್ನುಗಳ ಮೇಲೆ ಹಿಂದಿನ ನಾಯಕರ ಕಾಲದ ಶಿವಪಾರ್ವತಿಯರ ರೂಪವನ್ನು ಹಾಗೆಯೇ ಉಳಿಸಿ, ಹಿಂಬದಿಯಲ್ಲಿ ಮಾತ್ರ ತನ್ನ ಹೆಸರಿನ ಮೊದಲಕ್ಷರವನ್ನು ಪಾರಸಿಯಲ್ಲಿ ಒತ್ತಿಸಿದನು. ಜನರ ಕೈಗೆ ಪಳಗಿದ ಗುರುತನ್ನು ಅಳಿಸಿದರೆ ಪೇಟೆಯ ನಂಬಿಕೆಯೂ ಅಳಿಯುವದೆಂಬ ಬುದ್ಧಿಯು ಅವನಲ್ಲಿತ್ತು. ನಾಣ್ಯವು ನಂಬಿಕೆಯಿಂದ ಬದುಕುತ್ತದೆಂಬದಕ್ಕೆ ಈ ಎರಡು ಉದಾಹರಣೆಗಳು ಸಾಕು.

ಈಗ ಯುರೋಪಿಗೆ ಬರೋಣ. ನಮ್ಮ ನಾಡಿಗೆ ಸುವಾರ್ತೆಯನ್ನು ತಂದವರ ಪೂರ್ವಿಕರು ವಾಸಿಸಿದ ಜರ್ಮನ್ ಭಾಷೆಯ ಸೀಮೆಗಳಲ್ಲಿ, ಇಂದಿಗೆ ಸುಮಾರು ಸಾವಿರ ವರುಷಗಳ ಹಿಂದೆ, ಅನೇಕ ಬಿಷಪರು ಏಕಕಾಲದಲ್ಲಿ ಸಭೆಯ ಕುರುಬರೂ ದೇಶದ ಪ್ರಭುಗಳೂ ಆಗಿದ್ದರು. ಮೈಂಟ್ಸ್, ಕೊಲೋನ್, ಟ್ರಿಯರ್, ವುರ್ಟ್ಸ್‌ಬುರ್ಗ್, ಮಗ್ಡೆಬುರ್ಗ್, ಬಾಸೆಲ್ ಮುಂತಾದ ಪಟ್ಟಣಗಳಲ್ಲಿ ಹೀಗಿತ್ತು. ಇದಕ್ಕೆ ಕಾರಣವೇನಂದರೆ, 10ನೇ ಶತಮಾನದಿಂದ ಅಲ್ಲಿಯ ಅರಸರು ಭೂಮಿ, ಸುಂಕ, ಸಂತೆ, ಟಂಕಸಾಲೆ ಇವುಗಳ ಹಕ್ಕನ್ನು ಬಿಷಪರಿಗೆ ಧಾರಾಳವಾಗಿ ಕೊಟ್ಟರು. ಲೋಕದ ಪಾಳೆಯಗಾರನಿಗೆ ಕೊಟ್ಟದ್ದು ಅವನ ಮಕ್ಕಳಿಗೂ ಮೊಮ್ಮಕ್ಕಳಿಗೂ ಹೋಗಿ ಅರಸನ ಕೈತಪ್ಪುತ್ತಿತ್ತು. ಬಿಷಪನಿಗೋ ಹೆಂಡತಿಮಕ್ಕಳಿಲ್ಲ, ಅವನು ಸತ್ತಾಗ ಹೊಸಬನನ್ನು ನೇಮಿಸುವದರಲ್ಲಿ ಅರಸನ ಮಾತು ನಡೆಯುತ್ತಿತ್ತು. ಅಲ್ಲದೆ ಓದುಬರಹ ಬಲ್ಲವರು ಸಭೆಯವರೇ ಆಗಿದ್ದರು. ಹೀಗೆ ಕುರುಬನ ಕೋಲನ್ನು ಹಿಡಿದ ಕೈಯೇ ಟಂಕಸಾಲೆಯ ಅಚ್ಚನ್ನೂ ಹಿಡಿಯಿತು.

ಅವರ ನಾಣ್ಯವು ಬೆಳ್ಳಿಯದು. ಅದಕ್ಕೆ ಪ್ಫೆನ್ನಿಗ್ ಎಂದು ಹೆಸರು. ನಾವು ಬೆಳ್ಳಿಕಾಸು ಎನ್ನೋಣ. ಕಾರ್ಲ್ ಮಹಾರಾಜನು 8ನೇ ಶತಮಾನದ ಕೊನೆಯಲ್ಲಿ ಒಂದು ಪೌಂಡ್ ಬೆಳ್ಳಿಗೆ 240 ಕಾಸುಗಳೆಂದು ಕಟ್ಟುಮಾಡಿದ್ದನು. ಆಗ ಒಂದೊಂದು ಕಾಸು ಒಂದೂವರೆ ಗ್ರಾಮಿಗಿಂತ ಹೆಚ್ಚು ತೂಗುತ್ತಿತ್ತು. ಕಾಲವು ಹೋದ ಹಾಗೆ ಅದು ಸವೆಯುತ್ತಾ ಬಂತು. 12ನೇ ಶತಮಾನದಿಂದ ಜರ್ಮನಿಯ ಬಹುಭಾಗದಲ್ಲಿ ಕಾಸನ್ನು ಎಷ್ಟು ತೆಳ್ಳಗೆ ತಟ್ಟಿದರೆಂದರೆ, ಒಂದೇ ಮಗ್ಗುಲಿನಿಂದ ಅಚ್ಚೊತ್ತಬೇಕಾಯಿತು. ಮುಂದಿನ ಉಬ್ಬು ಹಿಂದೆ ತಗ್ಗಾಗಿ ಕಾಣುತ್ತಿತ್ತು. ಹಬ್ಬದಲ್ಲಿ ಅಂಟಿಸುವ ಬೇಗಡೆಯನ್ನು ನೆನಸಿಕೊಂಡರೆ ಅದರ ರೂಪವು ತಿಳಿಯುವದು. ಅದರ ತೂಕವು ಒಂದು ಗ್ರಾಮಿಗಿಂತ ಕಡಿಮೆ, ಅಂದರೆ ನಮ್ಮ ಅಕ್ಕಸಾಲಿಗರ ಏಳೆಂಟು ಗುಲಗಂಜಿಗಳಷ್ಟು. ಬಾಸೆಲಿನ ಬಿಷಪರ ಕಾಸು ಇನ್ನೂ ಚಿಕ್ಕದಾಗಿ, ನಾಲ್ಕು ಮೂಲೆ ಎಳೆದಂತಿದ್ದು, ಕೊನೆಗೆ ಮೂರು ನಾಲ್ಕು ಗುಲಗಂಜಿಗಳಿಗೆ ಇಳಿಯಿತು. ಅದರ ಮೇಲೆ ಕಿರೀಟಟೋಪಿ ಧರಿಸಿದ ಬಿಷಪನ ತಲೆಯು ಇರುತ್ತಿತ್ತು. ಮಗ್ಡೆಬುರ್ಗಿನ ಕಾಸುಗಳ ಮೇಲೆ ಅಲ್ಲಿಯ ಮಹಾದೇವಾಲಯಕ್ಕೆ ಹೆಸರಾದ ರಕ್ತಸಾಕ್ಷಿ ಮೌರಿಸನ ರೂಪವನ್ನು ಒತ್ತುತ್ತಿದ್ದರು. ಆ ದೇವಾಲಯದಲ್ಲಿ 13ನೇ ಶತಮಾನದಲ್ಲಿ ಕೆತ್ತಿದ ಮೌರಿಸನ ಪ್ರತಿಮೆಗೆ ಆಫ್ರಿಕದವನ ಮುಖವಿದೆ. ಹಳಿಯಾಳ ಯಲ್ಲಾಪುರಗಳ ಕಾಡಂಚಿನ ನಮ್ಮ ಸಿದ್ದಿ ಸಹೋದರರು ಅದನ್ನು ಕಂಡರೆ ತಮ್ಮವನೇ ಎಂದು ಗುರುತಿಸುವರು.

ಇಷ್ಟು ತೆಳ್ಳಗಾದ ಕಾಸು ಬೇಗನೆ ಮುರಿಯುವದು ಸಹಜವೇ. ಆದರೆ ಪ್ರಭುಗಳು ಅದರಿಂದ ಒಂದು ಉಪಾಯವನ್ನು ಕಂಡುಕೊಂಡರು. ನೇಮಿಸಿದ ದಿನದಲ್ಲಿ ಹಳೇ ಕಾಸು ಸಲ್ಲದೆಂದು ಸಾರಿಸುತ್ತಿದ್ದರು. ಸಂತೆಯಲ್ಲಿ ಕೊಳ್ಳಬೇಕಾದವನು ತನ್ನ ಹಳೇ ಕಾಸುಗಳನ್ನು ಬದಲಾಯಿಸುವವರ ಮೇಜಿಗೆ ತಂದು ಹೊಸ ಮುದ್ರೆಯ ಕಾಸುಗಳನ್ನು ತಕ್ಕೊಳ್ಳಬೇಕಾಗಿತ್ತು. ಅನೇಕ ಕಡೆಗಳಲ್ಲಿ 12 ಹಳೇ ಕಾಸು ಕೊಟ್ಟವನಿಗೆ 9 ಹೊಸ ಕಾಸು ಸಿಕ್ಕುತ್ತಿತ್ತು. ಉಳಿದ ಮೂರು ಟಂಕಸಾಲೆಯ ಒಡೆಯನ ಪಾಲು. ಕೆಲವು ಊರುಗಳಲ್ಲಿ ಇದು ವರುಷಕ್ಕೊಮ್ಮೆ; ಮಗ್ಡೆಬುರ್ಗಿನಲ್ಲಿ, 1152ರಿಂದ 1192ರ ವರೆಗೆ ಆರ್ಚ್‌ಬಿಷಪನಾಗಿದ್ದ ವಿಖ್ಮನ್ನನ ಕಾಲದಲ್ಲಿ, ವರುಷಕ್ಕೆ ಎರಡು ಸಾರಿ.

ನಮ್ಮ ವಾಚಕರು ಇದರ ಲೆಕ್ಕವನ್ನು ಮಾಡಿ ನೋಡಲಿ. ಒಬ್ಬ ವಿಧವೆಯು 12 ಕಾಸುಗಳನ್ನು ಗಡಿಗೆಯಲ್ಲಿ ಕೂಡಿಸಿಟ್ಟಿದ್ದಾಳೆಂದು ತಿಳಿಯೋಣ. ಮೊದಲನೇ ಸಾರಿ ಅವು 9 ಆಗುತ್ತವೆ. ಅದೇ ಕ್ರಮವು ಎರಡನೇ ಸಾರಿ ನಡೆದರೆ ಏಳಕ್ಕೂ ಕಡಿಮೆ. ಕಳ್ಳನು ಮನೆಗೆ ಕನ್ನವಿಕ್ಕಲಿಲ್ಲ, ಇಲಿ ಕೊರೆಯಲಿಲ್ಲ, ಅವಳು ಒಂದು ಕಾಸನ್ನೂ ಖರ್ಚುಮಾಡಲಿಲ್ಲ. ಆದರೂ ಅವಳ ಕೂಡಿಕೆಯಲ್ಲಿ ಹೆಚ್ಚುಕಡಿಮೆ ಅರ್ಧವು ಕರಗಿತು. 2016ನೇ ನವೆಂಬರ್ 8ರ ರಾತ್ರಿ ನಮ್ಮ ದೇಶದಲ್ಲಿ 500 ಮತ್ತು 1000 ರೂಪಾಯಿಗಳ ನೋಟುಗಳು ರದ್ದಾದದ್ದನ್ನು ನಾವೆಲ್ಲರೂ ಬಲ್ಲೆವು. ದಾಂಡೇಲಿಯ ಕೂಲಿಕಾರನೂ ಜೋಯಿಡಾದ ಗಡ್ಡೆಗೆಣಸು ಮಾರುವ ಹೆಂಗಸೂ ಕೂಲಿಯನ್ನು ಬಿಟ್ಟು ಬ್ಯಾಂಕಿನ ಮುಂದೆ ಸಾಲಿನಲ್ಲಿ ನಿಲ್ಲಬೇಕಾಯಿತು. ಆಗಲೂ ಬ್ಯಾಂಕಿಗೆ ಕಟ್ಟಿದ 500ರ ನೋಟಿಗೆ 500 ರೂಪಾಯಿಗಳನ್ನೇ ಲೆಕ್ಕಕ್ಕೆ ಬರೆದರು. ಅದೇ 500ಕ್ಕೆ 375 ಮಾತ್ರ ಕೊಡುತ್ತೇವೆಂದು ಹೇಳಿದ್ದರೆ, ಮತ್ತು ಇದು ಪ್ರತಿ ವರುಷ ಎರಡು ಸಾರಿ ನಡೆಯುವದೆಂದು ಸಾರಿದ್ದರೆ, ಏನಾಗುತ್ತಿತ್ತೆಂದು ಯೋಚಿಸಿರಿ. ಆಗ ಮಗ್ಡೆಬುರ್ಗಿನವರ ಸ್ಥಿತಿಯು ನಮಗೆ ತಿಳಿಯುವದು.

ಇನ್ನು ನ್ಯಾಯವಾಗಿ ವಿಚಾರಿಸಬೇಕಾದರೆ ಎದುರುವಾದಿಯ ಮಾತನ್ನೂ ಕೇಳಬೇಕು. ವಿಖ್ಮನ್ನನು ದುಷ್ಟನಾಗಿರಲಿಲ್ಲ. ಅವನು ತನ್ನ ಸೀಮೆಯ ಜವುಗುಭೂಮಿಗಳಲ್ಲಿ ದೂರದಿಂದ ಬಂದ ರೈತರನ್ನು ನೆಲೆಗೊಳಿಸಿದನು. 1188ರಲ್ಲಿ ಮಗ್ಡೆಬುರ್ಗಿನ ಪಟ್ಟಣಿಗರ ನ್ಯಾಯಪದ್ಧತಿಯನ್ನು ತಿದ್ದಿ ಸುಗಮಮಾಡಿದನು. ಆ ಪಟ್ಟಣದ ಕಟ್ಟಳೆಯನ್ನು ಮುಂದೆ ಪೂರ್ವ ಯುರೋಪಿನ ಎಷ್ಟೋ ಪಟ್ಟಣಗಳು ಮಾದರಿಯಾಗಿ ತಕ್ಕೊಂಡವು. ಅವನ ಪಕ್ಷದವನು ಹೀಗೆ ಹೇಳಬಹುದು: ಪ್ರಭುವಿಗೆ ಕಂದಾಯವು ಬೇಕು, ಕೋಟೆ, ಸೇತುವೆ, ದೇವಾಲಯ, ಕಾವಲು ಇವೆಲ್ಲವೂ ಗಾಳಿಯಿಂದ ನಡೆಯವು. ಮನೆಮನೆಗೆ ಹೋಗಿ ಕಂದಾಯ ವಸೂಲುಮಾಡುವ ಅಧಿಕಾರಿಗಳು ಆ ಕಾಲದಲ್ಲಿ ಇರಲಿಲ್ಲ. ನಾಣ್ಯದ ಮೂಲಕ ತಕ್ಕೊಂಡರೆ ಜಗಳವಿಲ್ಲ, ಜಪ್ತಿಯಿಲ್ಲ. ಅಲ್ಲದೆ ಇದು ಗುಟ್ಟಾಗಿ ಮಾಡಿದ ಕಳ್ಳನಾಣ್ಯವಲ್ಲ. ಬಹಿರಂಗವಾಗಿ ಸಾರಿದ ಪದ್ಧತಿ. ಕರ್ತನಾದ ಯೇಸುವು ಸಹ ದಿನಾರಿಯ ಮೇಲಿನ ರೂಪವನ್ನು ತೋರಿಸಿ, ಕೈಸರನಿಗೆ ಸಲ್ಲತಕ್ಕದ್ದನ್ನು ಸಲ್ಲಿಸಬೇಕೆಂದು ಕಲಿಸಲಿಲ್ಲವೇ?

ಈ ವಾದದಲ್ಲಿ ಹುರುಳಿಲ್ಲವೆಂದು ನಾವು ಹೇಳುವದಿಲ್ಲ. ಕಂದಾಯವು ಪಾಪವಲ್ಲ. ಆದರೆ ಮೂರು ಸಂಗತಿಗಳನ್ನು ಇದರ ಎದುರಿಗೆ ತೂಗಬೇಕು.

ಮೊದಲನೆಯದು, ಯಾರಿಂದ ತಕ್ಕೊಂಡರು ಎಂಬದು. ದೊಡ್ಡ ವರ್ತಕರು ತಮ್ಮ ವ್ಯವಹಾರವನ್ನು ಬೆಳ್ಳಿಯ ಗಟ್ಟಿಗಳಿಂದ ತೂಕದ ಮೇಲೆ ನಡಿಸುತ್ತಿದ್ದರು. ಭೂಮಿಯುಳ್ಳವನ ಐಶ್ವರ್ಯವು ಭೂಮಿಯಲ್ಲಿತ್ತು. ಗಟ್ಟಿಗೂ ಗದ್ದೆಗೂ ಹೊಸ ಮುದ್ರೆ ಬೇಕಿಲ್ಲ. ಕಾಸಿನಲ್ಲಿಯೇ ಕೂಲಿ ಪಡೆದು ಕಾಸಿನಲ್ಲಿಯೇ ರೊಟ್ಟಿ ಕೊಳ್ಳುವವನು ತಪ್ಪಿಸಿಕೊಳ್ಳಲಾರನು. ಹೀಗೆ ಭಾರವು ಬೆನ್ನು ಗಟ್ಟಿಯಿದ್ದವನನ್ನು ಬಿಟ್ಟು ಬೆನ್ನು ಬಾಗಿದವನ ಮೇಲೆ ಬಿತ್ತು.

ಎರಡನೆಯದು, ಅಳತೆಯನ್ನೇ ಬದಲಾಯಿಸಿದರು ಎಂಬದು. ನೂರು ಸೇರು ಭತ್ತದಲ್ಲಿ ಹತ್ತು ಸೇರು ಕೊಡು ಎಂದು ಒಡೆಯನು ಕೇಳಿದರೆ ಅದು ಹೆಚ್ಚೋ ಕಡಿಮೆಯೋ ಎಂದು ಚರ್ಚಿಸಬಹುದು. ಆದರೆ ಸೇರನ್ನೇ ದೊಡ್ಡದು ಮಾಡಿ ನೂರು ಸೇರನ್ನು ತೊಂಬತ್ತು ಮಾಡಿದರೆ, ಚರ್ಚಿಸುವ ಬಾಯಿಯನ್ನೇ ಕಟ್ಟಿದಂತಾಯಿತು. ಪ್ರವಾದಿಯಾದ ಆಮೋಸನು ಅಳತೆಯನ್ನು ಕಿರಿದುಮಾಡಿ ತೂಕದ ಕಲ್ಲನ್ನು ಹಿರಿದುಮಾಡುವವರನ್ನು ಗದರಿಸಿದ್ದು ಇದಕ್ಕಾಗಿಯೇ. ಎರಡು ಬಗೆಯ ತೂಕಗಳು ಕರ್ತನಿಗೆ ಅಸಹ್ಯವೆಂದು ಜ್ಞಾನೋಕ್ತಿಗಳೂ ಹೇಳುತ್ತವೆ. ಅಳತೆಯು ಒಬ್ಬನ ಸೊತ್ತಲ್ಲ. ಅದು ಕೊಡುವವನಿಗೂ ಕೊಳ್ಳುವವನಿಗೂ ನಡುವೆ ನಿಂತಿರುವ ಸಾಕ್ಷಿ. ಸಾಕ್ಷಿಯನ್ನು ಕೆಡಿಸಿದ ಮೇಲೆ ನ್ಯಾಯಸ್ಥಾನವೆಲ್ಲಿ?

ಮೂರನೆಯದೇ ನಮಗೆ ಎಲ್ಲಕ್ಕಿಂತ ಮುಖ್ಯವೆಂದು ತೋರುತ್ತದೆ. ಆ ಕಾಸುಗಳಿಂದ ಬಂದ ಬೆಳ್ಳಿಯು ದೇವಾಲಯದ ಗೋಡೆಗೂ ಹೋಗಿರಬಹುದು. ಆ ಪಕ್ಷದಲ್ಲಿ ನಮ್ಮ ವಿಧವೆಯ ಮೂರು ಕಾಸುಗಳು ದೇವರ ಮನೆಯ ಕಲ್ಲಾದವು. ಹಾಗಾದರೆ ಅವಳು ದೇವರಿಗೆ ಕಾಣಿಕೆಯನ್ನು ಕೊಟ್ಟಳೆನ್ನಬಹುದೋ? ಎನ್ನಲಾಗದು. ಯೆರೂಸಲೇಮಿನ ದೇವಾಲಯದಲ್ಲಿ ಎರಡು ಚಿಕ್ಕ ಕಾಸುಗಳನ್ನು ಹಾಕಿದ ಬಡ ವಿಧವೆಯನ್ನು ಕರ್ತನು ಹೊಗಳಿದನು; ಯಾಕಂದರೆ ಅವಳು ತಾನೇ ಹಾಕಿದಳು. ಅವೇ ಎರಡು ಕಾಸುಗಳನ್ನು ಬಾಗಿಲಲ್ಲಿ ಕೂತವನೊಬ್ಬನು ಲೆಕ್ಕದ ಮಾಯದಿಂದ ಅವಳ ಕೈಯಿಂದ ಜಾರಿಸಿ ಪೆಟ್ಟಿಗೆಗೆ ಹಾಕಿದ್ದರೆ, ಪೆಟ್ಟಿಗೆಯಲ್ಲಿ ಬೀಳುವ ಸದ್ದು ಒಂದೇ ಆಗಿರುತ್ತಿತ್ತು, ಹೊಗಳಿಕೆಯು ಇರುತ್ತಿರಲಿಲ್ಲ. ಕೇಳದೆ ತಕ್ಕೊಂಡದ್ದು ಎಂದಿಗೂ ಕಾಣಿಕೆಯಾಗದು. ಹಾಗೆ ತಕ್ಕೊಳ್ಳುವವನು ಬಡವನಿಂದ ಬೆಳ್ಳಿಯನ್ನು ಮಾತ್ರವಲ್ಲದೆ ಕೊಡುವ ಭಾಗ್ಯವನ್ನೂ ಕಸುಕೊಳ್ಳುತ್ತಾನೆ. ಬೆಳ್ಳಿಯು ಹೋದರೆ ಮತ್ತೆ ದುಡಿಯಬಹುದು. ತನ್ನ ಇಷ್ಟದಿಂದ ದೇವರಿಗೆ ಕೊಡುವ ಸಂತೋಷವನ್ನು ಒಬ್ಬನಿಂದ ಕದ್ದರೆ ಅದನ್ನು ಯಾವ ದೇವಾಲಯದ ಶಿಖರದಿಂದ ಹಿಂದಕ್ಕೆ ಕೊಡಬಹುದು?

ಇದಲ್ಲದೆ ಆ ಕಾಸಿನ ಮೇಲೆ ಕೈಸರನ ರೂಪವಿರಲಿಲ್ಲ, ಕುರುಬನ ರೂಪವಿತ್ತು. ಓದಲರಿಯದ ರೈತನು ತನ್ನ ಬಿಷಪನ ಮುಖವನ್ನು ದೇವಾಲಯದಲ್ಲಿ ವರುಷಕ್ಕೊಮ್ಮೆ ದೂರದಿಂದ ಕಂಡಿರಬಹುದು; ಕಾಸಿನ ಮೇಲೆ ದಿನಾಲು ಕಂಡನು. ಆ ಮುಖವು ವರುಷವರುಷ ತನ್ನ ಚೀಲವನ್ನು ಬರಿದುಮಾಡುವದನ್ನು ನೋಡಿದವನು, ಅದೇ ಮುಖವು ಸಾರುವ ದೇವರನ್ನು ಎಂಥವನೆಂದು ಎಣಿಸುವನು? ಅರಸನು ಮೋಸಮಾಡಿದರೆ ಪ್ರಜೆಯು ಅರಸನನ್ನು ದೂರುತ್ತಾನೆ. ದೇವರ ಸೇವಕನು ಮೋಸಮಾಡಿದರೆ ಮನುಷ್ಯನು ಒಳಗೊಳಗೆ ದೇವರನ್ನೇ ದೂರುತ್ತಾನೆ.

ಚಿಕ್ಕದಕ್ಕೆ ಒಪ್ಪಿದ ಮನಸ್ಸು ದೊಡ್ಡದಕ್ಕೂ ಒಪ್ಪುವದೆಂಬದಕ್ಕೆ ಅದೇ ಮಗ್ಡೆಬುರ್ಗಿನ ಪೀಠವು ಸಾಕ್ಷಿ. ವಿಖ್ಮನ್ನನ ತರುವಾಯ ಮುನ್ನೂರು ವರುಷಗಳ ಮೇಲೆ, 1513ರಲ್ಲಿ, ಆಲ್ಬ್ರೆಖ್ಟನು ಅಲ್ಲಿ ಆರ್ಚ್‌ಬಿಷಪನಾದನು. ಮರುವರುಷ ಮೈಂಟ್ಸಿನ ಪೀಠವನ್ನೂ ಸಂಪಾದಿಸಿದನು. ಅದಕ್ಕಾಗಿ ರೋಮಿಗೆ ಕಟ್ಟಬೇಕಾದ ಹಣವನ್ನು ಫುಗ್ಗರ್ ಎಂಬ ಸಾಹುಕಾರರಿಂದ ಸಾಲ ತಂದು, ಅದನ್ನು ತೀರಿಸುವದಕ್ಕೆ ಪಾಪವಿಮೋಚನದ ಚೀಟಿಗಳನ್ನು ಮಾರಿಸಿದನು. ಅರ್ಧ ಹಣವು ಸಾಲಕ್ಕೆ, ಅರ್ಧವು ರೋಮಿನ ಸಂತ ಪೇತ್ರನ ದೇವಾಲಯದ ಕಟ್ಟಡಕ್ಕೆ. ಇಲ್ಲಿಯೂ ಒಳ್ಳೇ ಕೆಲಸದ ಹೆಸರೇ ಮುಂದೆ ನಿಂತಿತ್ತು. 1517ನೇ ಅಕ್ಟೋಬರ್ 31ರಂದು ಮಾರ್ಟಿನ್ ಲೂಥರನು ತನ್ನ 95 ವಾಕ್ಯಗಳನ್ನು ಕಳುಹಿಸಿದ್ದು ಈ ಆಲ್ಬ್ರೆಖ್ಟನಿಗೇ.

ಇದನ್ನು ಓದಿ ನಮ್ಮ ನೆರೆಯ ರೋಮನ್ ಸಭೆಯವರನ್ನು ಹೀನೈಸಬೇಡಿರಿ. ಈ ಪಾಪಕ್ಕೆ ಪಂಗಡವಿಲ್ಲ. 1619ರಿಂದ 1623ರ ವರೆಗೆ ಜರ್ಮನಿಯಲ್ಲಿ ಬೆಳ್ಳಿನಾಣ್ಯಕ್ಕೆ ತಾಮ್ರವನ್ನು ಬೆರಸಿ ಜನರನ್ನು ಹಾಳುಮಾಡಿದ ಪ್ರಭುಗಳಲ್ಲಿ ಪ್ರಾಟೆಸ್ಟಂಟರೂ ಧಾರಾಳವಾಗಿ ಇದ್ದರು. ಲೂಥರನ ಹೆಸರು ಹೇಳಿದ ಮಾತ್ರಕ್ಕೆ ಕೈ ಶುದ್ಧವಾಗದು.

ಈಗ ಬಾಸೆಲ್ ಪಟ್ಟಣಕ್ಕೆ ಬರುತ್ತೇವೆ. ಅಲ್ಲಿಯೂ ಬಿಷಪನೇ ಬೆಳ್ಳಿಕಾಸನ್ನು ಒತ್ತಿಸುತ್ತಿದ್ದನು. 1373ರಲ್ಲಿ ಬಿಷಪ ವಿಯೆನ್ನಿನ ಯೋಹಾನನು ಹಣದ ಅಡಚಣೆಯಿಂದ ಟಂಕಸಾಲೆಯ ಹಕ್ಕನ್ನು ಪಟ್ಟಣಿಗರಿಗೆ ಒತ್ತೆಯಿಟ್ಟನು. ಹೀಗೆಯೇ ಜರ್ಮನ್ ನಾಡಿನ ಬೇರೆ ಪಟ್ಟಣಗಳೂ ದೊಡ್ಡ ಮೊತ್ತವನ್ನು ಕೊಟ್ಟು ನಾಣ್ಯದ ಹಕ್ಕನ್ನು ಕೊಂಡುಕೊಂಡು, ಇನ್ನು ಮೇಲೆ ಬದಲಾಗದ ಕಾಸನ್ನು ಹೊರಡಿಸಿದವು. ಅದಕ್ಕೆ ಅವರು ಕೊಟ್ಟ ಹೆಸರು ನಿತ್ಯದ ಕಾಸು. ಇಂದು ಮುಟ್ಟಿದ್ದು ನಾಳೆಯೂ ಸಲ್ಲುವದೆಂಬ ಒಂದೇ ಭರವಸೆಗೋಸ್ಕರ ಬೆವರಿನ ಹಣವನ್ನು ಸುರಿದರೆಂದರೆ, ನಂಬಿಕೆಗೆ ಎಷ್ಟು ಬೆಲೆಯುಂಟೆಂದು ತಿಳಿಯಿರಿ. 1529ರಲ್ಲಿ ಬಾಸೆಲ್ ಸಭಾಸುಧಾರಣೆಯನ್ನು ಅಂಗೀಕರಿಸಿತು. 1815ರಲ್ಲಿ ಅದೇ ಪಟ್ಟಣದಲ್ಲಿ ಬಾಸೆಲ್ ಮಿಶನ್ ಹುಟ್ಟಿತು. ಅದರ ಸೇವಕರು 1834ರಲ್ಲಿ ಮಂಗಳೂರಿಗೂ, 1837ರಲ್ಲಿ ಧಾರವಾಡಕ್ಕೂ, 1839ರಲ್ಲಿ ಹುಬ್ಬಳ್ಳಿಗೂ ಬಂದರೆಂಬದು ನಮ್ಮ ಸಭೆಗಳ ಮಕ್ಕಳಿಗೂ ಗೊತ್ತಿದೆ.

ಅವರನ್ನು ಕಳುಹಿಸಿದ ಹಣವು ಎಲ್ಲಿಂದ ಬಂತು? ಧನಿಕರ ದೊಡ್ಡ ದಾನಗಳೂ ಇದ್ದವು. ಆದರೆ 1850ರ ದಶಕದ ಮಧ್ಯದಲ್ಲಿ ಬಾಸೆಲಿನ ಕಾರ್ಲ್ ಸರಾಸಿನ್ ಎಂಬ ಮುಖ್ಯಸ್ಥನ ಪ್ರೇರಣೆಯಿಂದ ಒಂದು ಕ್ರಮವು ಆರಂಭವಾಯಿತು. ಅದಕ್ಕೆ ಅರ್ಧ ಬಾಟ್ಸೆನ್ನಿನ ಕೂಡಿಕೆ ಎಂದು ಹೆಸರು. ಬಾಟ್ಸೆನ್ ಎಂಬದು ಆ ಸೀಮೆಯ ಹಳೇ ಚಿಲ್ಲರೆ ನಾಣ್ಯ. ಅದರ ಅರ್ಧವೆಂದರೆ ಬಡವನೂ ಕೊಡಬಹುದಾದಷ್ಟು ಅಲ್ಪ. ಕೂಡಿಸುವವರು ವಾರಕ್ಕೊಮ್ಮೆ ಮನೆಗಳಿಗೆ ಹೋಗುತ್ತಿದ್ದರು. ದಾಸಿಯರೂ, ನೇಯುವವರೂ, ಹೊಲದ ಕೂಲಿಗಳೂ ಆ ಅಲ್ಪವನ್ನು ತಪ್ಪದೆ ಕೊಟ್ಟರು. ಹಾಗೆ ಕೂಡಿದ ಚಿಲ್ಲರೆಯು ಸಮುದ್ರಗಳನ್ನು ದಾಟಿ ಶಾಲೆಯೂ ಪುಸ್ತಕವೂ ಔಷಧವೂ ಆಯಿತು.

ಪ್ರಿಯರೇ, ಈ ಎರಡು ಚಿಲ್ಲರೆಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿರಿ. ಊರು ಒಂದೇ. ನಾಣ್ಯವು ಎರಡು ಕಾಲದಲ್ಲಿಯೂ ಚಿಕ್ಕದೇ. ಎರಡನ್ನೂ ಬಡವರ ಕೈಗಳಿಂದಲೇ, ಸ್ವಲ್ಪಸ್ವಲ್ಪವಾಗಿಯೇ, ಸಭೆಯ ಹೆಸರಿನಲ್ಲಿಯೇ ಕೂಡಿಸಲಾಯಿತು. ವ್ಯತ್ಯಾಸವೇನು? ಒಂದು ಕಡೆಯಲ್ಲಿ ಮೇಜಿನ ಮೇಲೆ ಕಾಸು ಕಡಿಮೆಯಾಯಿತು. ಇನ್ನೊಂದು ಕಡೆಯಲ್ಲಿ ಬಾಗಿಲನ್ನು ತಟ್ಟಿ ಕೇಳಿದರು. ಕೇಳಿದಾಗ ಇಲ್ಲವೆನ್ನುವ ಸ್ವಾತಂತ್ರ್ಯವೂ ಇತ್ತು. ಆ ಸ್ವಾತಂತ್ರ್ಯವಿದ್ದದರಿಂದಲೇ ಕೊಟ್ಟದ್ದು ಕಾಣಿಕೆಯಾಯಿತು.

ಇನ್ನು ನಮ್ಮ ಮನೆಗೆ ಬರೋಣ. ನಮ್ಮ ಸಭೆಗಳಲ್ಲಿ ಯಾರೂ ನಾಣ್ಯವನ್ನು ಒತ್ತುವದಿಲ್ಲ. ಆದರೆ ಪ್ರತಿಯೊಂದು ಸಭೆಯಲ್ಲಿಯೂ ಒಂದು ಚಿಕ್ಕ ಟಂಕಸಾಲೆಯುಂಟು; ಅದು ಕಾಣಿಕೆ ಪೆಟ್ಟಿಗೆ ಮತ್ತು ಲೆಕ್ಕದ ಪುಸ್ತಕ. ನಮ್ಮ ಸ್ತ್ರೀಯರು ಅನ್ನಕ್ಕಿಡುವಾಗ ದೇವರಿಗೆಂದು ಒಂದು ಹಿಡಿ ಅಕ್ಕಿಯನ್ನು ಎತ್ತಿಡುತ್ತಾರೆ. ಸುಗ್ಗಿಯ ಹಬ್ಬದಲ್ಲಿ ಒಬ್ಬನು ಭತ್ತದ ಚೀಲವನ್ನೂ, ಒಬ್ಬನು ಜೋಳದ ತೆನೆಯನ್ನೂ, ಒಬ್ಬಳು ಎರಡು ಮೊಟ್ಟೆಗಳನ್ನೂ ತಂದಿಟ್ಟು, ಅವುಗಳನ್ನು ಸವಾಲುಮಾಡಿ ಹಣವನ್ನು ಕೂಡಿಸುತ್ತೇವೆ. ಆ ಹಣಕ್ಕೆ ಒಂದು ಹೆಸರಿಡುತ್ತೇವೆ: ಇದು ಗುಡಿಯ ಹಂಚಿಗೆ, ಇದು ಮಕ್ಕಳ ಶಾಲೆಗೆ, ಇದು ವಿಧವೆಯರ ಸಹಾಯಕ್ಕೆ. ಆ ಹೆಸರೇ ಅದರ ಮುದ್ರೆ. ಅದನ್ನು ನಂಬಿ ಜನರು ಕೊಟ್ಟಿದ್ದಾರೆ.

ಈಗ ಒಂದು ಸಂಗತಿಯನ್ನು ಊಹಿಸೋಣ. ಜೋಯಿಡಾದ ಕಡೆಯ ಒಂದು ಚಿಕ್ಕ ಸಭೆಯಲ್ಲಿ ಹಂಚಿಗೆಂದು ಹಣವು ಕೂಡಿದೆ. ಆ ವಾರದಲ್ಲಿ ಒಬ್ಬ ಕೂಲಿಕಾರನು ಕಾಯಿಲೆಬಿದ್ದು, ಅವನನ್ನು ರಾತ್ರಿಯಲ್ಲಿಯೇ ಹುಬ್ಬಳ್ಳಿಯ ಆಸ್ಪತ್ರೆಗೆ ಒಯ್ಯಬೇಕಾಗುತ್ತದೆ. ಪೆಟ್ಟಿಗೆಯ ಕೈ ಹಿಡಿದಿರುವ ಹಿರಿಯನು ಹಂಚಿನ ಹಣವನ್ನು ತೆಗೆದು ವಾಹನಕ್ಕೆ ಕೊಡುತ್ತಾನೆ. ಅವನು ಮಾಡಿದ್ದು ತಪ್ಪೋ? ಪ್ರಾಣವನ್ನು ಉಳಿಸುವದಕ್ಕೆ ಕೊಟ್ಟದ್ದು ತಪ್ಪಲ್ಲ. ದಾವೀದನು ಹಸಿದಾಗ ಯಾಜಕರಿಗೆ ಮಾತ್ರ ಸಲ್ಲತಕ್ಕ ರೊಟ್ಟಿಯನ್ನು ತಿಂದದ್ದನ್ನು ಕರ್ತನೇ ಎತ್ತಿ ಹೇಳಿದ್ದಾನೆ. ಆದರೆ ಮುಂದಿನ ಆದಿತ್ಯವಾರವು ಬರುತ್ತದೆ. ಹಿರಿಯನು ಎದ್ದು ನಿಂತು, ಪ್ರಿಯರೇ, ನಿಮ್ಮ ಹಂಚಿನ ಹಣದಲ್ಲಿ ಇಷ್ಟನ್ನು ಹೀಗೆ ಖರ್ಚುಮಾಡಿದೆನು, ನಿಮ್ಮ ಒಪ್ಪಿಗೆಯಿದೆಯೋ ಎಂದು ಕೇಳಿದರೆ, ಸಭೆಯೆಲ್ಲವೂ ಆ ದಯೆಯಲ್ಲಿ ಪಾಲುಗಾರರಾಗುವದು. ಹಿಡಿಯಕ್ಕಿ ಎತ್ತಿಟ್ಟ ಮುದುಕಿಯೂ ತಾನು ಒಂದು ಪ್ರಾಣವನ್ನು ಉಳಿಸಿದೆನೆಂದು ಹಿಗ್ಗುವಳು. ಅವನು ಸುಮ್ಮನಿದ್ದರೆ? ಒಳ್ಳೇದಕ್ಕೇ ಅಲ್ಲವೇ, ಇವರಿಗೆ ಯಾಕೆ ಹೇಳಬೇಕು ಎಂದುಕೊಂಡರೆ? ಆಗ ಅದು ಪರರ ಚೀಲದಿಂದ ಮಾಡಿದ ಧರ್ಮವಾಯಿತು. ಹನ್ನೆರಡಕ್ಕೆ ಒಂಬತ್ತು ಕೊಡುವ ಮೇಜು ಆ ದಿನವೇ ಗುಡಿಯೊಳಗೆ ಬಂತು. ಮೊದಲನೇ ಸಾರಿ ರೋಗಿಗೋಸ್ಕರ ಸುಮ್ಮನಿದ್ದವನು ಎರಡನೇ ಸಾರಿ ತನ್ನ ಪ್ರಯಾಣಕ್ಕೋಸ್ಕರವೂ ಸುಮ್ಮನಿರುವನು. ಹನ್ನೆರಡು ಮಂದಿ ಶಿಷ್ಯರಲ್ಲಿ ಹಣದ ಚೀಲವು ಯಾರ ಕೈಯಲ್ಲಿತ್ತೆಂಬದನ್ನು ಯೋಹಾನನು ಬರೆಯದೆ ಬಿಡಲಿಲ್ಲ.

ಈ ಅಪಾಯಕ್ಕೆ ಸತ್ಯವೇದವು ತೋರಿಸುವ ಔಷಧವು ಬಹು ಸರಳವಾದದ್ದು. ಅರಸನಾದ ಯೋವಾಷನ ಕಾಲದಲ್ಲಿ ದೇವಾಲಯದ ಜೀರ್ಣೋದ್ಧಾರಕ್ಕೆಂದು ಯಾಜಕರು ಹಣವನ್ನು ತಕ್ಕೊಳ್ಳುತ್ತಿದ್ದರು. ವರುಷಗಳು ಕಳೆದರೂ ಬಿರುಕುಗಳು ಹಾಗೆಯೇ ಇದ್ದವು. ಆಗ ಒಂದು ಪೆಟ್ಟಿಗೆಯ ಮುಚ್ಚಳಕ್ಕೆ ತೂತುಕೊರೆದು ಯಜ್ಞವೇದಿಯ ಬಳಿಯಲ್ಲಿ ಎಲ್ಲರ ಕಣ್ಣಿಗೆ ಕಾಣುವಂತೆ ಇಟ್ಟರು. ಅದು ತುಂಬಿದಾಗ ಅರಸನ ಲೇಖಕನೂ ಮಹಾಯಾಜಕನೂ ಇಬ್ಬರೂ ಕೂಡಿ ಬಂದು ಎಣಿಸಿದರು. ಕೆಲಸವು ನಡೆಯಿತು. ಅಪೊಸ್ತಲನಾದ ಪೌಲನು ಯೆರೂಸಲೇಮಿನ ಬಡವರಿಗೋಸ್ಕರ ಧರ್ಮದ್ರವ್ಯವನ್ನು ಒಯ್ಯುವಾಗ, ತನ್ನ ಮೇಲೆ ಯಾರೂ ತಪ್ಪುಹೊರಿಸದಂತೆ ಸಭೆಗಳು ಆರಿಸಿದವರನ್ನು ಜೊತೆಗೆ ಕರಕೊಂಡನು. ಪೌಲನಿಗೇ ಸಾಕ್ಷಿಗಳು ಬೇಕಾದರೆ ನಮಗೆ ಬೇಡವೋ? ಆದದರಿಂದ ಕಾಣಿಕೆಯನ್ನು ಎಂದಿಗೂ ಒಬ್ಬನೇ ಎಣಿಸಬಾರದು. ಬಂದದ್ದನ್ನೂ ಹೋದದ್ದನ್ನೂ ಓದಲರಿಯದವರಿಗೆ ಕೇಳುವಂತೆ ಗಟ್ಟಿಯಾಗಿ ಓದಬೇಕು. ಒಂದು ಹೆಸರಿನಿಂದ ಕೂಡಿದ್ದನ್ನು ಇನ್ನೊಂದಕ್ಕೆ ತಿರುಗಿಸಬೇಕಾದರೆ ಕೊಟ್ಟವರನ್ನು ಕೇಳಬೇಕು. ಉಪದೇಶಿಗಳಾದ ನಾವು ಇದನ್ನು ಅಪನಂಬಿಕೆಯೆಂದು ಎಣಿಸಿ ಮುಖ ಗಂಟಿಕ್ಕಬಾರದು. ಲೆಕ್ಕವನ್ನು ಕೇಳುವ ಸಹೋದರನು ನಮ್ಮನ್ನು ಶೋಧನೆಯಿಂದ ಕಾಯುವ ಕಾವಲುಗಾರನು.

ಸಭೆಯವರಿಗೂ ಒಂದು ಮಾತು. ಬಿಷಪನ ಮೇಜನ್ನು ಖಂಡಿಸಿದ ನಾವು ನಮ್ಮ ಅಂಗಳದ ಅಳತೆಯನ್ನು ಮರೆಯಬಾರದು. ಸಾಲದ ಬೀಜವನ್ನು ತುಂಬಿದ ಕೊಳಗದಿಂದ ತಕ್ಕೊಂಡು, ಗೀರಿದ ಕೊಳಗದಿಂದ ತಿರುಗಿ ಕೊಡುವವನು, ಸಂತೆಗೆ ಒಯ್ಯುವ ಹತ್ತಿಗೆ ಹಿಂದಿನ ರಾತ್ರಿ ನೀರು ಚಿಮುಕಿಸುವವನು, ಕೂಲಿಯಾಳಿನ ಹಾಜರಿಯಲ್ಲಿ ಅರ್ಧ ದಿನವನ್ನು ನುಂಗುವವನು, ಇವರೆಲ್ಲರೂ ಅದೇ ಟಂಕಸಾಲೆಯಲ್ಲಿ ಕೆಲಸಮಾಡುತ್ತಾರೆ. ಸ್ವಲ್ಪವೇ ಅಲ್ಲವೇ ಎಂಬದು ಅವರ ಮಂತ್ರ. ಮೂರು ಗುಲಗಂಜಿಯ ಕಾಸಿನಲ್ಲಿಯೂ ಸ್ವಲ್ಪವೇ ಇತ್ತು.

ಆ ಬೆಳ್ಳಿಕಾಸುಗಳಲ್ಲಿ ಕೆಲವು ಇಂದಿಗೂ ವಸ್ತುಸಂಗ್ರಹಾಲಯಗಳಲ್ಲಿ ಉಳಿದಿವೆ. ಬಿಷಪರು ಸತ್ತರು, ಅವರ ಸಂಸ್ಥಾನಗಳೂ 1803ರ ಹೊತ್ತಿಗೆ ಇಲ್ಲವಾದವು. ಮುಖವು ಮಾತ್ರ ಬೆಳ್ಳಿಯಲ್ಲಿ ನಿಂತಿದೆ. ನೋಡುವವರು ಅದರ ತೂಕವನ್ನು ಹಿಡಿದು ಆ ಮುಖಕ್ಕೆ ನ್ಯಾಯತೀರಿಸುತ್ತಾರೆ. ನಮ್ಮ ಮುಖವು ಯಾವ ನಾಣ್ಯದ ಮೇಲೂ ಇಲ್ಲ. ಆದರೆ ದೀಕ್ಷಾಸ್ನಾನ ಹೊಂದಿದ ದಿನದಿಂದ ಇನ್ನೊಬ್ಬನ ಹೆಸರಿನ ಮುದ್ರೆಯು ನಮ್ಮ ಮೇಲೆ ಒತ್ತಲ್ಪಟ್ಟಿದೆ. ನೆರೆಯವರು ಆ ಹೆಸರನ್ನು ಓದುವದು ಸತ್ಯವೇದದಲ್ಲಿ ಅಲ್ಲ. ನಮ್ಮ ಕೊಳಗದಲ್ಲಿ, ನಮ್ಮ ಕೂಲಿಯಲ್ಲಿ, ನಮ್ಮ ಲೆಕ್ಕದ ಪುಸ್ತಕದಲ್ಲಿ. ಆ ಮುದ್ರೆಗೆ ತಕ್ಕ ತೂಕವು ನಮ್ಮಲ್ಲಿರುವಂತೆ ಕರ್ತನು ನಮಗೆ ಕೃಪೆಮಾಡಲಿ.